ಹಳೆಯ ತಟ್ಟೆಯ ಎರಡನೇ ಸುತ್ತು

ಪಾಪ್ ಹಾಡಿನ ಆಯುಸ್ಸು ಸಾಮಾನ್ಯವಾಗಿ ಕೆಲವೇ ವಾರಗಳದ್ದು. ಮಾರಾಟದ ಪಟ್ಟಿಯಲ್ಲಿ ಏರಿ, ರೇಡಿಯೊದಲ್ಲಿ ಕಿವಿ ದಣಿಯುವಷ್ಟು ಮೊಳಗಿ, ಮುಂದಿನ ಹಾಡಿಗೆ ಜಾಗ ಬಿಟ್ಟು ಅದು ಸರಿದುಹೋಗುತ್ತದೆ. ಹಾಗೆ ಸರಿದುಹೋದವುಗಳನ್ನು ಹುಡುಕಿ ತೆಗೆದು ಮತ್ತೆ ಕೇಳಿಸುವ ಕೆಲಸಕ್ಕೆ ಆರು ದಶಕಗಳಿಗೂ ಮೀರಿದ ಚರಿತ್ರೆಯಿದೆ. ಹಾಡುಗಳ ಹಕ್ಕು ಹೊಂದಿದ್ದ ಕಂಪನಿಗಳು ಈ ಕೆಲಸಕ್ಕೆ ಮೊದಲು ಕೈಹಾಕಿದ್ದು ಅಪರೂಪ. ಹೆಚ್ಚಿನ ಸಲ ದಾರಿ ತೋರಿಸಿದವರು ಹೊರಗಿನವರು: ರೇಡಿಯೊ ನಿರೂಪಕರು, ಅಂಗಡಿಯ ಮೂಲೆಗಳನ್ನು ಜಾಲಾಡುವ ಸಂಗ್ರಾಹಕರು, ಕ್ಲಬ್ಬಿನ ಡಿಜೆಗಳು, ಈಚೆಗೆ ಯೂಟ್ಯೂಬ್‌ನ ಅನಾಮಧೇಯರು.

ಈ ಚರಿತ್ರೆಯ ಆರಂಭಕ್ಕೆ ಅಮೆರಿಕದ ಲಾಸ್ ಏಂಜಲಿಸ್‌ನ ರೇಡಿಯೊ ನಿರೂಪಕ ಆರ್ಟ್ ಲೆಬೊ ಅವರ ಹೆಸರು ಹೊಂದುತ್ತದೆ. 1950ರ ದಶಕದಲ್ಲಿ ಅವರು ಡ್ರೈವ್-ಇನ್ ಹೋಟೆಲೊಂದರಿಂದ ನೇರಪ್ರಸಾರ ಮಾಡುತ್ತಿದ್ದರು. ಅಲ್ಲಿಗೆ ಬರುತ್ತಿದ್ದ ಹದಿಹರೆಯದವರು ಹೊಸ ಹಾಡುಗಳ ಜೊತೆಗೆ ಹಿಂದಿನ ಹಾಡುಗಳನ್ನೂ ಕೇಳುತ್ತಿದ್ದುದನ್ನು ಅವರು ಗಮನಿಸಿದರು. ಬೇರೆ ಬೇರೆ ಕಂಪನಿಗಳಿಂದ ಅನುಮತಿ ಪಡೆದು 1959ರಲ್ಲಿ ‘ಓಲ್ಡೀಸ್ ಬಟ್ ಗುಡೀಸ್’ ಎಂಬ ಸಂಕಲನ ತಂದರು. ಅದು ಮೂರು ವರ್ಷಗಳಿಗೂ ಹೆಚ್ಚು ಕಾಲ ಬಿಲ್‌ಬೋರ್ಡ್ ಪಟ್ಟಿಯಲ್ಲಿತ್ತು. ಅದರಲ್ಲಿದ್ದ ಹೆಚ್ಚಿನ ‘ಹಳೆಯ’ ಹಾಡುಗಳಿಗೆ ಆಗ ಐದು ವರ್ಷವೂ ತುಂಬಿರಲಿಲ್ಲ ಎಂಬುದು ಇಂದು ನಗು ತರಿಸುವ ಸಂಗತಿ.

1972 ಮತ್ತು 1973ರಲ್ಲಿ ಈ ಆಸಕ್ತಿ ಎರಡು ಕವಲಾಯಿತು. ಒಂದು ಕವಲು ಹಳಹಳಿಕೆಯದು. ನ್ಯೂಯಾರ್ಕ್‌ನ ಡಬ್ಲ್ಯುಸಿಬಿಎಸ್-ಎಫ್ಎಂ ಕೇಂದ್ರ 1972ರಲ್ಲಿ ಪೂರ್ತಿಯಾಗಿ ಹಳೆಯ ಹಾಡುಗಳಿಗೆ ಹೊರಳಿತು. ಮರುವರ್ಷ ತೆರೆಕಂಡ ಜಾರ್ಜ್ ಲ್ಯೂಕಾಸ್‌ ಅವರ ‘ಅಮೆರಿಕನ್ ಗ್ರಫಿಟಿ’ 1962ರ ಒಂದು ರಾತ್ರಿಯ ಕಥೆಯನ್ನು ಆ ಕಾಲದ ಹಾಡುಗಳ ಮೇಲೆಯೇ ಕಟ್ಟಿತು. ಇನ್ನೊಂದು ಕವಲು ವಿಮರ್ಶೆಯದು. ಪತ್ರಕರ್ತ ಲೆನ್ನಿ ಕೇ 1965ರಿಂದ 1968ರವರೆಗಿನ ಒರಟು ಗ್ಯಾರೇಜ್ ತಂಡಗಳ ಹಾಡುಗಳನ್ನು ಆಯ್ದು, ಎಲೆಕ್ಟ್ರಾ ಕಂಪನಿಗಾಗಿ 1972ರಲ್ಲಿ ‘ನಗೆಟ್ಸ್’ ಎಂಬ ಜೋಡಿ ತಟ್ಟೆ ಸಿದ್ಧಪಡಿಸಿದರು. ಒಂದೇ ಹಿಟ್ ಕೊಟ್ಟು ಮಾಯವಾದ ತಂಡಗಳೇ ಅದರಲ್ಲಿ ಹೆಚ್ಚು. ಮುನ್ನುಡಿಯಲ್ಲಿ ಅವರು ಬಳಸಿದ ‘ಪಂಕ್ ರಾಕ್’ ಎಂಬ ಮಾತು ಕೆಲವೇ ವರ್ಷಗಳಲ್ಲಿ ಹೊಸದೊಂದು ಸಂಗೀತದ ಹೆಸರಾಯಿತು. ಹಳೆಯದನ್ನು ಆರಿಸುವುದೂ ಹೊಸದನ್ನು ಹುಟ್ಟಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ಆದರೆ ಮರುಶೋಧವನ್ನೇ ಬದುಕಿನ ಕ್ರಮವಾಗಿಸಿಕೊಂಡವರು ಉತ್ತರ ಇಂಗ್ಲೆಂಡಿನ ಕಾರ್ಖಾನೆ ಪಟ್ಟಣಗಳ ಯುವಕ ಯುವತಿಯರು. 1960ರ ದಶಕದ ಕೊನೆಗೆ ಅಮೆರಿಕದ ಕಪ್ಪು ಜನರ ಸಂಗೀತ ಫಂಕ್ ಕಡೆಗೆ ಹೊರಳಿದಾಗ, ಇವರು ಅದನ್ನು ಹಿಂಬಾಲಿಸಲಿಲ್ಲ. ವೇಗದ ತಾಳದ, ಮೋಟೌನ್ ಕಂಪನಿಯ ಶೈಲಿಯ ಹಿಂದಿನ ಸೋಲ್ ಹಾಡುಗಳೇ ಬೇಕೆಂದರು. ಲಂಡನ್ನಿನಲ್ಲಿ ಸೋಲ್ ಸಂಗೀತದ ಅಂಗಡಿ ನಡೆಸುತ್ತಿದ್ದ ಬರಹಗಾರ ಡೇವ್ ಗಾಡಿನ್, ಫುಟ್‌ಬಾಲ್ ಪಂದ್ಯಕ್ಕೆಂದು ಉತ್ತರದಿಂದ ಬರುವ ಗಿರಾಕಿಗಳ ಈ ರುಚಿಗೆ ‘ನಾರ್ದರ್ನ್ ಸೋಲ್’ ಎಂದು ಹೆಸರಿಟ್ಟರು. ಮ್ಯಾಂಚೆಸ್ಟರಿನ ಟ್ವಿಸ್ಟೆಡ್ ವೀಲ್, ಬ್ಲ್ಯಾಕ್‌ಪೂಲ್‌ನ ಮೆಕ್ಕಾ, 1973ರಿಂದ 1981ರವರೆಗೆ ನಡೆದ ವಿಗನ್ ಕಸೀನೊ ಇದರ ಕೇಂದ್ರಗಳು. ವಿಗನ್‌ನಲ್ಲಿ ಮದ್ಯ ಮಾರುತ್ತಿರಲಿಲ್ಲ. ಬೆಳಗಿನ ತನಕ ಕುಣಿತ ನಡೆಯುತ್ತಿತ್ತು. ಪ್ರತಿ ರಾತ್ರಿಯೂ ಅವವೇ ಮೂರು ಹಾಡುಗಳಿಂದ ಮುಗಿಯುತ್ತಿತ್ತು.

ಅಲ್ಲಿ ಹಾಡಿನ ಬೆಲೆ ನಿಂತಿದ್ದು ಅದರ ವಿರಳತೆಯ ಮೇಲೆ. ಅಮೆರಿಕದಲ್ಲಿ ಸೋತು ಗೋದಾಮಿನಲ್ಲಿ ಬಿದ್ದಿದ್ದ ತಟ್ಟೆಗಳನ್ನು ಡಿಜೆಗಳು ಅಗೆದು ತರುತ್ತಿದ್ದರು. ಎದುರಾಳಿಗಳಿಗೆ ಸುಳಿವು ಸಿಗದಂತೆ ಲೇಬಲ್ಲಿನ ಮೇಲೆ ಕಾಗದ ಅಂಟಿಸಿ, ಗಾಯಕನಿಗೂ ಹಾಡಿಗೂ ಸುಳ್ಳು ಹೆಸರು ಕೊಡುತ್ತಿದ್ದರು. ಫ್ರ್ಯಾಂಕ್ ವಿಲ್ಸನ್ 1965ರಲ್ಲಿ ಮೋಟೌನ್‌ಗಾಗಿ ಹಾಡಿದ ‘ಡು ಐ ಲವ್ ಯೂ’ ಬಿಡುಗಡೆಗೆ ಮುನ್ನವೇ ರದ್ದಾಗಿ, ಪ್ರತಿಗಳು ನಾಶವಾಗಿದ್ದವು. ಉಳಿದ ಬೆರಳೆಣಿಕೆಯ ಪ್ರತಿಗಳಲ್ಲಿ ಒಂದು 2009ರಲ್ಲಿ 25,000 ಪೌಂಡಿಗೂ ಹೆಚ್ಚಿಗೆ ಮಾರಾಟವಾಯಿತು. ಈ ಕ್ಲಬ್ಬುಗಳ ಗುಂಗು ಮಾರುಕಟ್ಟೆಗೂ ತಾಗಿತು: ದಿ ಟ್ಯಾಮ್ಸ್ ತಂಡದ 1964ರ ಹಾಡೊಂದು 1971ರಲ್ಲಿ ಬ್ರಿಟನ್ನಿನ ಮೊದಲ ಸ್ಥಾನಕ್ಕೇರಿತು. ಗ್ಲೋರಿಯಾ ಜೋನ್ಸ್ 1960ರ ದಶಕದಲ್ಲಿ ತಟ್ಟೆಯ ಹಿಂಬದಿಯಲ್ಲಿ, ಅಂದರೆ ಬಿ-ಸೈಡ್‌ನಲ್ಲಿ ಹಾಡಿದ್ದ ‘ಟೇಂಟೆಡ್ ಲವ್’ ಅನ್ನು ಸಾಫ್ಟ್ ಸೆಲ್ ಎಂಬ ಸಿಂಥಸೈಜರ್ ಜೋಡಿ 1981ರಲ್ಲಿ ಮರಳಿ ಹಾಡಿ ಜಗತ್ತಿಗೆಲ್ಲ ತಲುಪಿಸಿತು.

1980ರ ದಶಕದಲ್ಲಿ ಜಾಹೀರಾತು ಮತ್ತು ಸಿಡಿ ಸೇರಿಕೊಂಡವು. ಬೆನ್ ಇ. ಕಿಂಗ್ ಅವರ 1961ರ ‘ಸ್ಟ್ಯಾಂಡ್ ಬೈ ಮಿ’, ಅದೇ ಹೆಸರಿನ ಸಿನಿಮಾ ಮತ್ತು ಲಿವೈಸ್ ಜೀನ್ಸ್ ಜಾಹೀರಾತಿನ ಬಲದಿಂದ 1987ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆಯಿತು. ಜ್ಯಾಕಿ ವಿಲ್ಸನ್ ಅವರ 1957ರ ‘ರೀಟ್ ಪೆಟೀಟ್’ ಜೇಡಿಮಣ್ಣಿನ ಬೊಂಬೆಗಳ ವಿಡಿಯೊ ಜೊತೆ 1986ರ ಕ್ರಿಸ್‌ಮಸ್‌ಗೆ ಅಗ್ರಸ್ಥಾನಕ್ಕೆ ಬಂದಾಗ ಗಾಯಕ ತೀರಿಕೊಂಡು ಸುಮಾರು ಮೂರು ವರ್ಷವಾಗಿತ್ತು. ಮಾರಿದ ಸರಕನ್ನೇ ಸಿಡಿಯ ಹೊಸ ರೂಪದಲ್ಲಿ ಮತ್ತೆ ಮಾರಬಹುದೆಂದು ದೊಡ್ಡ ಕಂಪನಿಗಳಿಗೆ ಹೊಳೆದದ್ದು ಆಗ. ಅದಕ್ಕೂ ಮೊದಲೇ ಲಾಸ್ ಏಂಜಲಿಸ್‌ನ ರೈನೊ, ಲಂಡನ್ನಿನ ಏಸ್‌ನಂಥ ಸಣ್ಣ ಸಂಸ್ಥೆಗಳು ಈ ವಿದ್ಯೆಯನ್ನು ಪಳಗಿಸಿಕೊಂಡಿದ್ದವು. ಮೂಲ ಟೇಪು ಹುಡುಕುವುದು, ಹಕ್ಕುದಾರರನ್ನು ಪತ್ತೆಹಚ್ಚುವುದು, ವಿವರವಾದ ಟಿಪ್ಪಣಿ ಬರೆಸುವುದು ಅವುಗಳಿಂದ ಬಂದ ರೂಢಿ.

ಹಳೆಯ ಮುದ್ರಣದ ತುಣುಕನ್ನು ಹೊಸ ಹಾಡಿನಲ್ಲಿ ಬಳಸುವ ‘ಸ್ಯಾಂಪ್ಲಿಂಗ್’ ಹಾಡನ್ನು ಇಡಿಯಾಗಿ ಅಲ್ಲ, ಚೂರಾಗಿ ಮರಳಿಸಿತು. ದಿ ವಿನ್‌ಸ್ಟನ್ಸ್ ತಂಡದ 1969ರ ಹಿಟ್ ಹಾಡನ್ನು ಇಂದು ನೆನೆಯುವವರು ಕಡಿಮೆ; ಅದೇ ತಟ್ಟೆಯ ಹಿಂಬದಿಯ ‘ಆಮೆನ್, ಬ್ರದರ್’ನಲ್ಲಿರುವ ಕೆಲವೇ ಸೆಕೆಂಡುಗಳ ಡ್ರಮ್ ತುಣುಕು ಸಾವಿರಾರು ಹಾಡುಗಳಲ್ಲಿ ಬಳಕೆಯಾಗಿದೆ. ಅದನ್ನು ನುಡಿಸಿದ ಗ್ರೆಗರಿ ಕೋಲ್‌ಮನ್‌ಗೆ ಅದರಿಂದ ರಾಯಧನ ಬರಲಿಲ್ಲ.

ಭಾರತದಲ್ಲಿ ಹಳೆಯ ಹಾಡುಗಳ ಮರಳುವಿಕೆಗೆ ದಾರಿ ಮಾಡಿದ್ದು ಕಾನೂನು. ಒಂದು ಹಾಡು ಮುದ್ರಣಗೊಂಡು ಎರಡು ವರ್ಷ ಕಳೆದರೆ ಬೇರೆ ಗಾಯಕರಿಂದ ಹಾಡಿಸಿ ‘ವರ್ಷನ್’ ತರಲು ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಆಗ ಅವಕಾಶವಿತ್ತು. ಕ್ಯಾಸೆಟ್ ಕಂಪನಿಗಳು ಅದನ್ನು ಚೆನ್ನಾಗಿಯೇ ಬಳಸಿಕೊಂಡವು. 2002ರ ‘ಕಾಂಟಾ ಲಗಾ’ ರೀಮಿಕ್ಸ್ ಈ ಅಲೆಯ ತುದಿ: 1972ರ ‘ಸಮಾಧಿ’ ಚಿತ್ರಕ್ಕೆ ಆರ್. ಡಿ. ಬರ್ಮನ್ ಸಂಯೋಜಿಸಿ ಲತಾ ಮಂಗೇಶ್ಕರ್ ಹಾಡಿದ್ದು ಅದು. 2012ರ ತಿದ್ದುಪಡಿ ಆ ಅವಧಿಯನ್ನು ಐದು ವರ್ಷಕ್ಕೆ ಏರಿಸಿತು. ಪಾಕಿಸ್ತಾನದ ಗಾಯಕಿ ನಾಜಿಯಾ ಹಸನ್ ಹಾಡಿದ ‘ಡಿಸ್ಕೊ ದೀವಾನೆ’ 1981ರಲ್ಲಿ ಉಪಖಂಡವನ್ನೇ ಕುಣಿಸಿ, 2012ರ ಒಂದು ಹಿಂದಿ ಚಿತ್ರದಲ್ಲಿ ಮರಳಿ ಬಂತು. ಮೂಲ ಹಾಡಿನ ನಿರ್ಮಾಪಕ ಬಿಡ್ಡು ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು. ಬಿ-ಸೈಡ್‌ಗೆಂದು ಅವಸರದಲ್ಲಿ ಮುದ್ರಿಸಿದ ‘ಕುಂಗ್ ಫೂ ಫೈಟಿಂಗ್’ ಹಾಡನ್ನು 1974ರಲ್ಲಿ ಬ್ರಿಟನ್ ಮತ್ತು ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೆ ಏರಿಸಿದವರು ಅವರೇ.

ಹೊರಗಿನ ಕಿವಿ ಪತ್ತೆಹಚ್ಚಿದ ಭಾರತೀಯ ಮುದ್ರಿಕೆಗಳೂ ಇವೆ. ಮುಂಬೈಯ ವಾದಕ ಚರಣಜಿತ್ ಸಿಂಗ್ 1982ರಲ್ಲಿ ರಾಗಗಳನ್ನು ಸಿಂಥಸೈಜರ್ ಮತ್ತು ಡಿಸ್ಕೊ ತಾಳಕ್ಕೆ ಅಳವಡಿಸಿದ ತಟ್ಟೆ ಆಗ ಹೇಳಹೆಸರಿಲ್ಲದೆ ಹೋಯಿತು. 2010ರಲ್ಲಿ ಮರುಬಿಡುಗಡೆಯಾದಾಗ, ಷಿಕಾಗೊದ ಆ್ಯಸಿಡ್ ಹೌಸ್ ಸಂಗೀತ ಹುಟ್ಟುವ ಮೊದಲೇ ಅದೇ ಯಂತ್ರಗಳಿಂದ ಅಂಥದೇ ನಾದ ತೆಗೆದಿದ್ದಾರೆಂದು ಕೇಳುಗರು ಬೆರಗಾದರು. ಬಂಗಾಳಿ ಗಾಯಕಿ ರೂಪಾ ಬಿಸ್ವಾಸ್ ಕೆನಡಾದ ಕ್ಯಾಲ್ಗರಿಯಲ್ಲಿ ಮುದ್ರಿಸಿದ ‘ಡಿಸ್ಕೊ ಜಾಝ್’ (1982) ಕಥೆಯೂ ಇಂಥದೇ. ಇದಕ್ಕೆ ವಿರುದ್ಧವಾಗಿ, ಸಾರೆಗಾಮ ಕಂಪನಿ 2017ರಲ್ಲಿ ತಂದ ‘ಕಾರವಾನ್’ ಪೆಟ್ಟಿಗೆ ತನ್ನದೇ ಉಗ್ರಾಣದ 5,000 ಹಾಡುಗಳನ್ನು ತುಂಬಿಕೊಂಡಿತ್ತು. ಅದು ಮಾರಿದ್ದು ನೆನಪನ್ನು. ಶೋಧದ ಪಾಲು ಅದರಲ್ಲಿ ಕಡಿಮೆ.

ಯೂಟ್ಯೂಬ್ ಕಾಲದ ಅತ್ಯಂತ ಗಮನಾರ್ಹ ಪ್ರಕರಣ ಜಪಾನಿನ ‘ಸಿಟಿ ಪಾಪ್’. 1970ರ ದಶಕದ ಕೊನೆಯಿಂದ 80ರ ದಶಕದವರೆಗೆ, ಕಾರಿನ ಸ್ಟೀರಿಯೊ ಮತ್ತು 1979ರಲ್ಲಿ ಬಂದ ವಾಕ್‌ಮನ್‌ಗೆ ಹೇಳಿ ಮಾಡಿಸಿದಂತಿದ್ದ ಈ ನಗರಸಂಗೀತ ಮುಂದೆ ತಾಯ್ನಾಡಿನಲ್ಲೇ ಹಳತಾಗಿತ್ತು. ಮಾರಿಯಾ ತಾಕೆಉಚಿ ಬರೆದು ಹಾಡಿದ ‘ಪ್ಲಾಸ್ಟಿಕ್ ಲವ್’ 1985ರಲ್ಲಿ ಸಿಂಗಲ್ ಆಗಿ ಬಂದಾಗ ಪಟ್ಟಿಯಲ್ಲಿ 86ನೇ ಸ್ಥಾನ ದಾಟಲಿಲ್ಲ. 2017ರಲ್ಲಿ ಯಾರೋ ಅದನ್ನು ಅನುಮತಿಯಿಲ್ಲದೆ ಯೂಟ್ಯೂಬ್‌ಗೆ ಏರಿಸಿದರು. ಆಲ್ಗಾರಿದಮ್ ಅದನ್ನು ಜಪಾನಿ ಭಾಷೆಯ ಗಂಧವಿಲ್ಲದವರಿಗೂ ಒಂದೇ ಸಮನೆ ಶಿಫಾರಸು ಮಾಡಿತು. ವೀಕ್ಷಣೆ ಎರಡು ಕೋಟಿ ದಾಟಿತು. ಅದರ ಮುಖಚಿತ್ರಕ್ಕೆ ಬಳಸಿದ ಫೋಟೊದ ಹಕ್ಕಿನ ತಕರಾರಿನಿಂದ ವಿಡಿಯೊ ಮಾಯವಾಗಿ ಮತ್ತೆ ಬಂತು. ಅಧಿಕೃತ ಪೂರ್ಣ ವಿಡಿಯೊ ಬಂದದ್ದು 2021ರಲ್ಲಿ, ಸಿಂಗಲ್ ಬಂದು ಮೂವತ್ತಾರು ವರ್ಷಗಳ ಮೇಲೆ. ಮಿಕಿ ಮಾತ್ಸುಬಾರಾ ಅವರ 1979ರ ‘ಮಾಯೊನಾಕ ನೊ ಡೋರ್’ 2020ರ ಕೊನೆಗೆ ಸ್ಪಾಟಿಫೈನ ಜಾಗತಿಕ ವೈರಲ್ ಪಟ್ಟಿಯ ತುದಿಗೇರಿತು. ಗಾಯಕಿ 2004ರಲ್ಲೇ ತೀರಿಕೊಂಡಿದ್ದರು.

ಟಿಕ್‌ಟಾಕ್ ಬಂದ ಮೇಲೆ ವೇಗ ಹೆಚ್ಚಿತು, ಆಳ ಕಡಿಮೆಯಾಯಿತು. ಹದಿನೈದು ಸೆಕೆಂಡು ಕೇಳಿದವರೆಲ್ಲ ಇಡೀ ಹಾಡಿನತ್ತ ಬರುವುದಿಲ್ಲ. ಆದರೂ ಕೆಲವು ಹಾಡುಗಳು ಗಟ್ಟಿಯಾಗಿ ನಿಂತವು. ಕೇಟ್ ಬುಶ್ ಅವರ 1985ರ ‘ರನ್ನಿಂಗ್ ಅಪ್ ದಟ್ ಹಿಲ್’, 2022ರಲ್ಲಿ ‘ಸ್ಟ್ರೇಂಜರ್ ಥಿಂಗ್ಸ್’ ಸರಣಿಯಲ್ಲಿ ಬಂದ ಮೇಲೆ ಬ್ರಿಟನ್ನಿನ ಮೊದಲ ಸ್ಥಾನಕ್ಕೇರಿತು. ಹಳೆಯ ಹಾಡುಗಳ ಸ್ಟ್ರೀಮಿಂಗ್‌ಗೆ ಕಡಿಮೆ ಅಂಕ ಕೊಡುವ ನಿಯಮದಿಂದ ಅದಕ್ಕೆ ವಿನಾಯಿತಿ ನೀಡಬೇಕಾಯಿತು. ಕಾನಿ ಫ್ರಾನ್ಸಿಸ್ 1962ರಲ್ಲಿ ಹಾಡಿದ್ದ ‘ಪ್ರಿಟಿ ಲಿಟ್ಲ್ ಬೇಬಿ’ 2025ರಲ್ಲಿ ಎಲ್ಲೆಡೆ ಹಬ್ಬಿದಾಗ ಅದು ಸ್ವತಃ ಗಾಯಕಿಗೇ ಮರೆತುಹೋಗಿತ್ತು. ಅದೇ ಜುಲೈನಲ್ಲಿ ಅವರು ನಿಧನರಾದರು.

ಮುಂದಿನ ಹಂತವನ್ನು ರುಚಿಗಿಂತ ಹಕ್ಕು ಮತ್ತು ಟೇಪುಗಳು ತೀರ್ಮಾನಿಸುವ ಸಾಧ್ಯತೆ ಹೆಚ್ಚು. 2008ರಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೊ ಆವರಣದ ಬೆಂಕಿಯಲ್ಲಿ ಸುಟ್ಟ ಮೂಲ ಟೇಪುಗಳು ಮರಳಿ ಬರುವುದಿಲ್ಲ. ಯುರೋಪಿನ ಒಕ್ಕೂಟ ಧ್ವನಿಮುದ್ರಣದ ಹಕ್ಕನ್ನು 50ರಿಂದ 70 ವರ್ಷಕ್ಕೆ ಏರಿಸಿದೆ. ಭಾರತದಲ್ಲಿ ಅದು 60 ವರ್ಷ. ಅಂದರೆ 1965ರವರೆಗೆ ಪ್ರಕಟವಾದ ಧ್ವನಿಮುದ್ರಣಗಳ ಮೇಲಿನ ಹಕ್ಕು 2026ರ ಜನವರಿ 1ರ ಹೊತ್ತಿಗೆ ಮುಗಿದಿದೆ, ಕನ್ನಡದ ಆರಂಭಕಾಲದ ಗ್ರಾಮಫೋನ್ ತಟ್ಟೆಗಳದೂ ಸೇರಿ. ಸಾಹಿತ್ಯ ಮತ್ತು ಸಂಯೋಜನೆಯ ಹಕ್ಕು ಬೇರೆಯದು. ಅದು ಕರ್ತೃವಿನ ಮರಣಾನಂತರ 60 ವರ್ಷ ಮುಂದುವರಿಯುತ್ತದೆ.