ಕಬ್ಬಿಣದ ಕೊರತೆಯೂ ಕಬ್ಬಿಣದ ಹೊರೆಯೂ

ಸುರಪುರ, ಶಹಾಪುರ, ಯಾದಗಿರಿ ಸೀಮೆಯ ಜನರಿಗೆ ಕಬ್ಬಿಣದ ಪರಿಚಯವು ಬಹು ಪುರಾತನವಾದುದು. 1853ರವರೆಗೆ ಸುರಪುರ ಸಂಸ್ಥಾನದ ಮೇಲ್ವಿಚಾರಣೆ ನಡೆಸಿದ ಮೆಡೋಸ್ ಟೇಲರ್ ಸಾಹೇಬನು ಈ ಪ್ರಾಂತದ ಶಿಲಾಸಮಾಧಿಗಳನ್ನು ಶೋಧಿಸಿದಾಗ, ನೆರೆಯ ಜೇವರ್ಗಿಯ ಗೋರಿಗಳಲ್ಲಿ ತುಕ್ಕುಹಿಡಿದ ಕಬ್ಬಿಣದ ಆಯುಧಗಳು ದೊರೆತವು. ಆಯುಧಕ್ಕೂ ನೇಗಿಲಿಗೂ ಒದಗಿದ ಈ ಲೋಹವು ಔಷಧಕ್ಕೂ ಒದಗಿತು. ಪಾಂಡುರೋಗಕ್ಕೆ ಲೋಹಭಸ್ಮವನ್ನೂ ಮಂಡೂರಭಸ್ಮವನ್ನೂ ಕೊಡುವುದು ಆಯುರ್ವೇದದ ಹಳೆಯ ಪದ್ಧತಿ. ಯುರೋಪಿನಲ್ಲಿ 1747ರ ಸುಮಾರಿಗೆ ಇಟಲಿಯ ಮೆಂಘಿನಿ ಎಂಬ ವೈದ್ಯನು ರಕ್ತವನ್ನು ಸುಟ್ಟ ಬೂದಿಯ ಕಣಗಳು ಅಯಸ್ಕಾಂತಕ್ಕೆ ಅಂಟುವುದನ್ನು ತೋರಿಸಿ, ರಕ್ತದಲ್ಲಿ ಕಬ್ಬಿಣವಿದೆಯೆಂದು ಸ್ಥಾಪಿಸಿದನು.

ಅಂದಿನಿಂದ ಕಬ್ಬಿಣವೆಂದರೆ ಬಲವೆಂಬ ನಂಬಿಕೆ ಬೇರೂರಿತು. ಅದೇ ಲೋಹವು ಮಿತಿಮೀರಿದರೆ ಶತ್ರುವಾಗುವುದೆಂಬ ಅರಿವು ಬಹಳ ತಡವಾಗಿ ಬಂದಿತು. 1865ರಲ್ಲಿ ಫ್ರಾನ್ಸಿನ ಟ್ರೂಸೋ ಎಂಬಾತನು ಮಧುಮೇಹ, ಯಕೃತ್ತಿನ ವ್ಯಾಧಿ, ಚರ್ಮದ ಕಂದುಬಣ್ಣ ಇವು ಒಟ್ಟಾಗಿ ಕಂಡ ರೋಗಿಯನ್ನು ವರ್ಣಿಸಿದನು. 1889ರಲ್ಲಿ ಜರ್ಮನಿಯ ರೆಕ್ಲಿಂಗ್‌ಹೌಸನ್ ಇದಕ್ಕೆ ಹೀಮೋಕ್ರೊಮಾಟೋಸಿಸ್ ಎಂದು ಹೆಸರಿಟ್ಟನು. 1935ರಲ್ಲಿ ಇಂಗ್ಲೆಂಡಿನ ಶೆಲ್ಡನ್ 311 ರೋಗಿಗಳ ವೃತ್ತಾಂತಗಳನ್ನು ಕೂಡಿಸಿ, ಇದು ಹುಟ್ಟಿನಿಂದಲೇ ಬರುವ ದೋಷವೆಂದು ನಿರ್ಣಯಿಸಿದನು. ಇದರ ಮರ್ಮವು ಸರಳ. ದೇಹದಲ್ಲಿರುವ ಕಬ್ಬಿಣ ಮೂರು ನಾಲ್ಕು ಗ್ರಾಂ ಮಾತ್ರ. ದಿನಕ್ಕೆ ಒಂದೆರಡು ಮಿಲಿಗ್ರಾಂನಷ್ಟು ಒಳಸೇರುತ್ತದೆ. ಹೆಚ್ಚಾದುದನ್ನು ಹೊರಹಾಕುವ ದಾರಿಯೇ ದೇಹಕ್ಕಿಲ್ಲ. ಒಳಬಾಗಿಲು ಸಡಿಲವಾದವನಲ್ಲಿ ಕಬ್ಬಿಣವು ಯಕೃತ್ತಿನಲ್ಲೂ ಹೃದಯದಲ್ಲೂ ಸಂಚಯವಾಗುತ್ತದೆ. 1950ರ ದಶಕದ ಆದಿಯಿಂದ ರಕ್ತ ತೆಗೆಯುವುದೇ ಇದಕ್ಕೆ ಚಿಕಿತ್ಸೆಯಾಯಿತು. ಒಮ್ಮೆ 500 ಮಿಲಿಲೀಟರ್ ತೆಗೆದರೆ ಸುಮಾರು 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೊರಬೀಳುತ್ತದೆ. ಇದರ ಮುಖ್ಯ ವಂಶವಾಹಿಯು 1996ರಲ್ಲಿ ಪತ್ತೆಯಾಯಿತು.

ಆ ವಂಶವಾಹಿಯ ದೋಷ ಯುರೋಪಿನವರಲ್ಲಿ ಹೆಚ್ಚು, ಭಾರತೀಯರಲ್ಲಿ ಅತಿ ವಿರಳ. ನಮ್ಮ ದೇಶದಲ್ಲಿ ವಂಶದಿಂದ ಬರುವ ಕಬ್ಬಿಣದ ಹೊರೆಗೆ ಥಲಸ್ಸೇಮಿಯಾ ಎಂಬ ರಕ್ತದೋಷವೇ ಪ್ರಧಾನ ಕಾರಣ. ತೀವ್ರರೂಪದವರಿಗೆ ಆಗಾಗ ರಕ್ತ ಕೊಡಬೇಕಾಗುತ್ತದೆ. ಪ್ರತಿ ಚೀಲದ ರಕ್ತದೊಡನೆಯೂ ಮತ್ತಷ್ಟು ಕಬ್ಬಿಣ ಒಳಬರುತ್ತದೆ. ಅದನ್ನು ಕಳೆಯಲು ಬೇರೆ ಔಷಧಗಳಿವೆ. ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ದೋಷ ಪಡೆದವರು ಸ್ವಸ್ಥರಂತೆಯೇ ಇರುತ್ತಾರೆ. ಆದರೆ ಅವರ ರಕ್ತಕಣಗಳು ಚಿಕ್ಕವು, ಹಿಮೋಗ್ಲೋಬಿನ್ ತುಸು ಕಡಿಮೆ. ನೋಡುವವರಿಗೆ ಇದು ಕಬ್ಬಿಣದ ಕೊರತೆಯೆಂದೇ ತೋರುವುದರಿಂದ, ಪರೀಕ್ಷೆಯಿಲ್ಲದೆ ವರ್ಷಗಟ್ಟಲೆ ಮಾತ್ರೆ ನುಂಗಿಸುವ ಸಂಭವವುಂಟು. ಇಂಥ ಇಬ್ಬರು ದಂಪತಿಗಳಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ತೀವ್ರರೋಗದ ಭಯವಿರುತ್ತದೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿಯಿರುವ ನಾಡಿನಲ್ಲಿ ಇದು ಅಲಕ್ಷ್ಯಕ್ಕೆ ತಕ್ಕ ಮಾತಲ್ಲ.

ಹಾಗೆಂದು ಮಾತ್ರೆಗಳನ್ನೇ ದೂಷಿಸುವುದು ಸಲ್ಲದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡ 47.8 ಮಂದಿಗೂ ಐದು ವರ್ಷದೊಳಗಿನ ಎಳೆಯ ಮಕ್ಕಳಲ್ಲಿ ಶೇಕಡ 65.5 ಮಂದಿಗೂ ರಕ್ತಹೀನತೆಯಿದ್ದಿತು. ಜೋಳದ ರೊಟ್ಟಿಯನ್ನೇ ನೆಚ್ಚಿದ ಸೀಮೆಯಲ್ಲಿ ಕಾಳಿನ ಫೈಟೇಟ್ ಎಂಬ ಅಂಶವು ಕಬ್ಬಿಣವನ್ನು ಹಿಡಿದಿಡುತ್ತದೆ. ಊಟದೊಡನೆ ಕುಡಿದ ಚಹವೂ ಹಾಗೆಯೇ. 1970ರಿಂದ ನಡೆದುಬಂದ ಸರಕಾರದ ಯೋಜನೆಗೆ ಇದೇ ಆಧಾರ. 2018ರ ಕ್ರಮದಂತೆ ಗರ್ಭಿಣಿಯರಿಗೆ 180 ದಿನ ದಿನವಹಿ 60 ಮಿಲಿಗ್ರಾಂ ಕಬ್ಬಿಣ ನಿಗದಿಯಾಯಿತು. ಬಹುಮಂದಿಗೆ ಇದು ಪ್ರಾಣರಕ್ಷಕವೇ ಸರಿ.

ಆದುದರಿಂದ ಬೇಕಾದುದು ವಿವೇಕ. ಮಾತ್ರೆ ತಿಂದರೂ ಹಿಮೋಗ್ಲೋಬಿನ್ ಏರದವರು, ಬಂಧುಗಳಲ್ಲಿ ಥಲಸ್ಸೇಮಿಯಾ ಕಂಡವರು, ಫೆರಿಟಿನ್ ಪರೀಕ್ಷೆಯಿಂದ ದೇಹದ ಕಬ್ಬಿಣದ ಸಂಗ್ರಹವನ್ನೂ, ಹಿಮೋಗ್ಲೋಬಿನ್ ವಿಂಗಡಣೆಯಿಂದ ರಕ್ತದೋಷವನ್ನೂ ತಿಳಿಯಬಹುದು. ಹೊರೆಯಿದೆಯೆಂದು ತಿಳಿದವರು ಕಬ್ಬಿಣದ ಮಾತ್ರೆ, ಟಾನಿಕ್, ಲೋಹಭಸ್ಮಗಳನ್ನೂ, ಕಬ್ಬಿಣದ ಹೀರಿಕೆಯನ್ನು ಹೆಚ್ಚಿಸುವ ವಿಟಮಿನ್ ಸಿ ಗುಳಿಗೆಗಳನ್ನೂ ವೈದ್ಯರ ಮಾತಿಲ್ಲದೆ ಮುಟ್ಟಬಾರದು, ಮದ್ಯವನ್ನು ದೂರವಿಡಬೇಕು, ಒಡಹುಟ್ಟಿದವರನ್ನೂ ಪರೀಕ್ಷಿಸಬೇಕು. ಕೊರತೆಯಿದ್ದವರು ಮಾತ್ರೆಯನ್ನು ಬಿಡಬಾರದು. ಒಂದೇ ಮನೆಯಲ್ಲಿ ಅಕ್ಕನಿಗೆ ಔಷಧವಾದುದು ತಮ್ಮನಿಗೆ ಅಪಾಯವಾಗಬಹುದೆಂಬ ಅರಿವನ್ನು ಪಡೆಯಲು ವೈದ್ಯಶಾಸ್ತ್ರಕ್ಕೆ ನೂರು ವರ್ಷ ಹಿಡಿಯಿತು. ಆ ಅರಿವು ಮನೆಮನೆಗೆ ತಲಪುವುದು ಇನ್ನೂ ಉಳಿದಿದೆ.