ಪರ್ಸಿ ಮೇಲೆ ಫ್ಯಾಂಟಮ್

ಸುಲೇಪೇಟದ ನಮ್ಮ ಮನೆಯ ಪಡಸಾಲಿಗೆ ಶಹಾಬಾದ್ ಪರ್ಸಿ ಹಾಸಿದ್ದಾರೆ. ನಮ್ಮ ಭಾಗದಲ್ಲಿ ಇದೇನೂ ವಿಶೇಷವಲ್ಲ. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ ಎಲ್ಲಿ ಹೋದರೂ ಕಾಲಡಿಗೆ ಅದೇ ಬೂದು ಕಲ್ಲು. ನನಗೂ ನನ್ನ ಅಣ್ಣನಿಗೂ ಮಾತ್ರ ಅದು ಕಾಗದವಾಗಿತ್ತು. ಒಂದೊಂದು ಪರ್ಸಿಯೂ ಒಂದೊಂದು ಚೌಕ. ಶಾಲೆಯಿಂದ ತಂದ ಖಡುವಿನ ತುಂಡು ಹಿಡಿದು ಬಾಗಿಲ ಹತ್ತಿರದ ಕಲ್ಲಿನಲ್ಲಿ ಕಥೆ ಶುರು ಮಾಡಿದರೆ ಅಡುಗೆಮನೆಯ ಹೊಸ್ತಿಲಿಗೆ ಮುಗಿಯುತ್ತಿತ್ತು. ಮೊದಲ ಕಲ್ಲಿನಲ್ಲಿ ತಲೆಬುರುಡೆಯ ಗವಿ, ಎರಡನೆಯದರಲ್ಲಿ ಬಿಳಿ ಕುದುರೆ ಹೀರೋ, ಮೂರನೆಯದರಲ್ಲಿ ತೋಳ ಡೆವಿಲ್, ನಾಲ್ಕನೆಯದರಲ್ಲಿ ಕಣ್ಣುಗುಡ್ಡೆಯೇ ಕಾಣದ ಮುಖವಾಡದ ಫ್ಯಾಂಟಮ್. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವ್ವ ನೆಲ ಒರೆಸುತ್ತಿದ್ದಳು. ಮರುದಿನ ಹೊಸ ಸಂಚಿಕೆ.

ಪುಸ್ತಕಗಳು ನಮಗೆ ಸಿಗುತ್ತಿದ್ದದ್ದು ವಾಡಿ ಜಂಕ್ಷನ್ನಿನ ಕೃಪೆಯಿಂದ. ಮುಂಬಯಿ, ಸೊಲ್ಲಾಪುರ, ಹೈದರಾಬಾದಿಗೆ ದುಡಿಯಲು ಹೋದ ಊರ ಮಂದಿ ಅಲ್ಲಿ ರೈಲು ಇಳಿದು ಬರುವಾಗ, ಹಾದಿಯಲ್ಲಿ ಓದಿ ಮುಗಿಸಿದ್ದನ್ನು ಮಕ್ಕಳ ಕೈಗೆ ಕೊಡುತ್ತಿದ್ದರು. ಕನ್ನಡದ್ದು, ಹಿಂದಿಯದು, ಒಮ್ಮೊಮ್ಮೆ ತೆಲುಗಿನದೂ. ಅಷ್ಟು ವರ್ಷಗಳ ಓದನ್ನು ಹಿಂತಿರುಗಿ ನೋಡಿದಾಗ ನನಗೆ ಕಾಣುವುದು ಇಷ್ಟು: ಕನ್ನಡದ ಓದುಗನಿಗೆ ವೀರರ ಬರ ಎಂದೂ ಇರಲಿಲ್ಲ. ಆ ವೀರರನ್ನು ಕನ್ನಡದಲ್ಲೇ ಹುಟ್ಟಿಸುವ ಕೈಗಳಿಗೆ ಕೂಲಿ ಕೊಡುವವರ ಬರ ಇತ್ತು.

ಮುಖವಾಡದ ವೀರ ಮೊದಲು ಎಲ್ಲಿಂದ ಬಂದ ಎಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಅಮೆರಿಕದ ಪತ್ರಿಕೆಗಳಲ್ಲಿ ಲೀ ಫಾಕ್ 1934ರಲ್ಲಿ ಮಾಂಡ್ರೇಕ್‌ನನ್ನು, 1936ರ ಫೆಬ್ರವರಿ 17ರಂದು ಫ್ಯಾಂಟಮ್‌ನನ್ನು ತಂದರು. ಮೈಗಂಟಿದ ಉಡುಪು, ಕಣ್ಣು ಮರೆಸುವ ಪಟ್ಟಿ, ಗುಟ್ಟಾಗಿಟ್ಟ ಹೆಸರು ಎಲ್ಲವೂ ಅವನಲ್ಲಿ ಆಗಲೇ ಇದ್ದವು. ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಅವರ ಸೂಪರ್‌ಮ್ಯಾನ್ ಬಂದದ್ದು ಎರಡು ವರ್ಷದ ನಂತರ, 1938ರಲ್ಲಿ. ಮರುವರ್ಷ ಬ್ಯಾಟ್‌ಮ್ಯಾನ್, 1941ರಲ್ಲಿ ವಂಡರ್ ವುಮನ್, 1962ರಲ್ಲಿ ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಅವರ ಸ್ಪೈಡರ್‌ಮ್ಯಾನ್. ನಮ್ಮ ದೇಶದ ಮಕ್ಕಳ ಮನಸ್ಸಿಗೆ ಮೊದಲು ಇಳಿದವನು ಮಾತ್ರ ಹಾರಲು ಬಾರದ, ಗುಂಡು ತಾಗಿದರೆ ಸಾಯುವ ಫ್ಯಾಂಟಮ್.

1964ರ ಮಾರ್ಚಿನಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ ಇಂದ್ರಜಾಲ ಕಾಮಿಕ್ಸ್ ಆರಂಭಿಸಿತು. ಮೊದಲ ಸಂಚಿಕೆಯೇ ಫ್ಯಾಂಟಮ್‌ನ ನಡುಪಟ್ಟಿಯ ಕಥೆ. ಇಂಗ್ಲಿಷ್ ಮತ್ತು ಹಿಂದಿಯ ಹಿಂದೆ ಒಂದೊಂದೇ ಭಾಷೆ ಸೇರುತ್ತ ಅದು ಕನ್ನಡಕ್ಕೂ ಬಂತು. ಇಲ್ಲಿಗೆ ಬರುವಾಗ ಕಥೆಯಲ್ಲಿ ಸಣ್ಣ ಸಣ್ಣ ತಿದ್ದುಪಡಿಗಳಾದವು. ಮೂಲದಲ್ಲಿ ಬಂಗಾಳವನ್ನು ನೆನಪಿಸುವ ಹೆಸರಿದ್ದ ಫ್ಯಾಂಟಮ್‌ನ ಕಾಡು ನಮ್ಮ ಪುಸ್ತಕಗಳಲ್ಲಿ ಡೆಂಕಾಲಿ ಆಯಿತು. ಸಿಂಗ್ ಕಡಲ್ಗಳ್ಳರು ಸಿಂಗಾ ಆದರು. ಫ್ಯಾಂಟಮ್‌ನ ತಂದೆಯನ್ನು ಕೊಂದ ರಾಮ ಎಂಬ ಖಳನ ಹೆಸರನ್ನು ರಾಮಲು ಎಂದು ಬದಲಿಸಿದರು. ರಾಮನ ಹೆಸರಿಟ್ಟುಕೊಂಡವನು ಬೆನ್ನಿಗೆ ಚೂರಿ ಹಾಕುವುದನ್ನು ಇಲ್ಲಿಯ ಮಕ್ಕಳು ಒಪ್ಪಲಾರರೆಂದು ಯಾರೋ ಸಂಪಾದಕರು ಕೂತು ಯೋಚಿಸಿದ್ದಾರೆ. ಆ ಅಜ್ಞಾತ ಸಂಪಾದಕರ ಬಗ್ಗೆ ನನಗೆ ಅಪಾರ ಗೌರವ.

ಫ್ಯಾಂಟಮ್ ಒಬ್ಬನಲ್ಲ, ಇಪ್ಪತ್ತೊಂದು ಜನ. ಅಪ್ಪ ಸತ್ತಾಗ ಮಗ ಅದೇ ಉಡುಪು ತೊಟ್ಟು, ತಲೆಬುರುಡೆಯ ಮೇಲೆ ಅದೇ ಆಣೆ ಮಾಡಿ ಹೊರಬರುತ್ತಾನೆ. ಕಾಡಿನ ಜನ ಅವನಿಗೆ ಸಾವಿಲ್ಲ ಎಂದುಕೊಳ್ಳುತ್ತಾರೆ. ಇದನ್ನು ಓದಿದಾಗ ನನಗೆ ಅಚ್ಚರಿಯಾಗಲಿಲ್ಲ, ಏಕೆಂದರೆ ನಾನು ಪುರವಂತರನ್ನು ಕಂಡವನು. ಜಾತ್ರೆಯ ದಿನ ಕಾಸೆ ಕಟ್ಟಿ, ಎದೆಗೆ ಫಲಕ ಬಿಗಿದು, ಖಡ್ಗ ಹಿಡಿದು ವೀರಭದ್ರನ ಒಡಪು ಹೇಳುತ್ತ ಕುಣಿಯುವ ಮನುಷ್ಯ ಹಿಂದಿನ ದಿನ ಹೊಲದಲ್ಲಿ ತೊಗರಿ ಬಡಿಯುತ್ತಿದ್ದವನೇ. ಅದು ನಮಗೆಲ್ಲ ಗೊತ್ತು. ಆದರೂ ಆ ಹೊತ್ತಿನಲ್ಲಿ ಅವನನ್ನು ಯಾರೂ ಮನೆಯ ಹೆಸರು ಹಿಡಿದು ಕರೆಯುವುದಿಲ್ಲ. ಹಲವು ಮನೆತನಗಳಲ್ಲಿ ಆ ವೇಷ ಅಪ್ಪನಿಂದ ಮಗನಿಗೆ ಇಳಿದು ಬಂದದ್ದು. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಹಸನ್ ಹುಸೇನರ ಕಾಳಗವನ್ನು ಕನ್ನಡದ ರಿವಾಯತುಗಳಲ್ಲಿ ಹಾಡುವಾಗಲೂ ಹೀಗೇ. ಹಾಡುವವನ ಜಾತಿ ಯಾವುದೆಂದು ಕೇಳುವವರಿಲ್ಲ, ಕರ್ಬಲಾದ ವೀರ ಕಣ್ಣೆದುರು ನಿಂತರೆ ಸಾಕು. ನಿಜಾಮರ ಕಾಲದಲ್ಲಿ ಉರ್ದು ಶಾಲೆ ಕಲಿತ ಹಿರಿಯರಿಗೆ ಅಮೀರ್ ಹಮ್ಜಾನ ದಾಸ್ತಾನಿನ ದಾರಿಯೂ ತೆರೆದಿತ್ತು. ಅದರಲ್ಲಿ ಬರುವ ಅಮರ್ ಅಯ್ಯಾರನ ಹತ್ತಿರ ಹೊದ್ದರೆ ಮಾಯವಾಗುವ ಕಂಬಳಿಯಿದೆ, ಲೋಕವನ್ನೇ ತುಂಬಿಕೊಳ್ಳುವ ಚೀಲವಿದೆ. ನ್ಯೂಯಾರ್ಕಿನ ವೀರ ಇಲ್ಲಿಗೆ ಬರುವಷ್ಟರಲ್ಲಿ ನಾವು ಅವನಿಗಾಗಿ ಕಂಬಳಿ ಹಾಸಿ ಕೂತಿದ್ದೆವು.

ಇಂದ್ರಜಾಲದ ಆರಂಭದ ದಿನಗಳಲ್ಲಿ ಕೆಲಸ ಮಾಡಿದವರಲ್ಲಿ ಅನಂತ ಪೈ ಒಬ್ಬರು. ಹುಟ್ಟಿದ್ದು 1929ರಲ್ಲಿ, ಕಾರ್ಕಳದಲ್ಲಿ. ತೀರ ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು, ಹನ್ನೆರಡರ ವಯಸ್ಸಿಗೆ ಮುಂಬಯಿ ಸೇರಿದವರು. 1967ರಲ್ಲಿ ದೆಹಲಿಯ ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗಳಿಗೆ ಪಟಪಟನೆ ಉತ್ತರಿಸಿದ ಮಕ್ಕಳಿಗೆ ರಾಮನ ತಾಯಿಯ ಹೆಸರು ಹೇಳಲಾಗದ್ದನ್ನು ಕಂಡು ಅವರು ಅಮರ ಚಿತ್ರಕಥೆಗೆ ಕೈಹಾಕಿದ ಸಂಗತಿ ಎಲ್ಲರಿಗೂ ಗೊತ್ತು. ಕನ್ನಡಿಗರು ಅಷ್ಟಾಗಿ ನೆನೆಯದ ಇನ್ನೊಂದು ಮಾತಿದೆ. ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರು, ಈ ಮಾಲೆ ಮೊದಲು ಚಿಗುರಿದ್ದು 1965ರಲ್ಲಿ, ಕನ್ನಡದಲ್ಲಿ ಎಂದು ಹೇಳಿಕೊಂಡಿದ್ದಾರೆ. ರಾಮ್ ವಾಯೀರ್ಕರ್ ಬಿಡಿಸಿದ 'ಕೃಷ್ಣ' ಪುಸ್ತಕಕ್ಕೆ ಹನ್ನೊಂದನೆಯ ಸಂಖ್ಯೆ ಇರುವುದು ಅದಕ್ಕೂ ಮೊದಲಿನ ಹತ್ತು ಪುಸ್ತಕಗಳ ಗುರುತು. ಆಮೇಲೆ ಬಸವೇಶ್ವರ, ಕೃಷ್ಣದೇವರಾಯ, ಟಿಪ್ಪು ಸುಲ್ತಾನ್, ತೆನಾಲಿ ರಾಮ ಎಲ್ಲರೂ ಬಂದರು. ಅವರನ್ನು ನಾನು ಭಕ್ತಿಯಿಂದ ಓದಿದೆ. ಆದರೆ ಪರ್ಸಿ ಮೇಲೆ ಬಿಡಿಸಲಿಲ್ಲ. ಆಗಿಹೋದ ಬದುಕನ್ನು ತಿದ್ದಲು ಬರುವುದಿಲ್ಲ. ಫ್ಯಾಂಟಮ್‌ನನ್ನಾದರೆ ಮುಂದಿನ ಕಲ್ಲಿನಲ್ಲಿ ಬೇಕಾದ ಕಡೆ ಕಳಿಸಬಹುದಿತ್ತು, ಬೇಕೆಂದರೆ ಕಾಗಿಣಾ ದಾಟಿಸಿ ಮಳಖೇಡದ ಕೋಟೆಗೂ.

ಇಂದ್ರಜಾಲದವರೇ 1976ರಲ್ಲಿ ಒಬ್ಬ ದೇಸಿ ವೀರನನ್ನೂ ತಂದರು. ಆಬಿದ್ ಸುರ್ತಿ ಅವರ ಬಹಾದುರ್. ಮೇಲೆ ಕಾವಿ ಬಣ್ಣದ ಕುರ್ತಾ, ಕೆಳಗೆ ಜೀನ್ಸ್. ಅಪ್ಪ ಡಕಾಯಿತ, ಪೊಲೀಸರ ಗುಂಡಿಗೆ ಸತ್ತವನು. ಸಾಕಿದವನು ಆ ಪೊಲೀಸ್ ಅಧಿಕಾರಿಯೇ. ಮಗ ಸೇಡು ಬಿಟ್ಟು, ಡಕಾಯಿತರ ವಿರುದ್ಧ ಊರ ಜನರದೇ ಒಂದು ರಕ್ಷಣಾ ದಳ ಕಟ್ಟುತ್ತಾನೆ. ಮಂತ್ರವಿಲ್ಲ, ಮುಖವಾಡವಿಲ್ಲ. ನನ್ನ ಮಟ್ಟಿಗೆ ಭಾರತದ ಚಿತ್ರಕಥೆ ಕಂಡ ಅತ್ಯಂತ ಘನವಾದ ಪಾತ್ರ ಇವನೇ.

ಇವೆಲ್ಲ ಕನ್ನಡದಲ್ಲಿ ಬಂದವು ಎನ್ನುವಾಗ ಆ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು ತಿಳಿಯಬೇಕು. ಬಣ್ಣದ ಅಚ್ಚು ಎಲ್ಲ ಭಾಷೆಗೂ ಒಂದೇ. ಕಪ್ಪು ಅಕ್ಷರದ ಅಚ್ಚು ಮಾತ್ರ ಭಾಷೆಗೊಂದರಂತೆ ಬದಲು. ಮಾತಿನ ಗುಳ್ಳೆ ಇಂಗ್ಲಿಷಿನ ದೊಡ್ಡಕ್ಷರದ ಅಳತೆಗೆ ಬರೆದದ್ದು. ಕನ್ನಡಕ್ಕೆ ಸಾಲಿನ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ, ಎರಡಕ್ಕೂ ಜಾಗ ಬೇಕು. ಹೀಗಾಗಿ ಅನುವಾದಕರು ಮಾತನ್ನು ಕತ್ತರಿಸಿ, ಒತ್ತು ಕಡಿಮೆಯಿರುವ ಪದ ಹುಡುಕಿ ಕೂರಿಸಬೇಕಾಗುತ್ತಿತ್ತು. ಚಿಕ್ಕ ವಾಕ್ಯದಲ್ಲಿ ದೊಡ್ಡ ಸಿಟ್ಟನ್ನು ಹೇಳುವುದನ್ನು ನಾನು ಕಲಿತದ್ದು ಆ ಗುಳ್ಳೆಗಳಿಂದ. ಆ ಅನುವಾದಕರ ಹೆಸರು ನಾನು ಓದಿದ ಪುಸ್ತಕಗಳಲ್ಲಿ ಎಲ್ಲೂ ಕಾಣಲಿಲ್ಲ ಎಂಬುದು ನನಗೆ ಇಂದಿಗೂ ನೋವಿನ ಮಾತು. ಪ್ರಕಾಶಕರ ಲೆಕ್ಕ ಸರಳವಾಗಿತ್ತು. ಸಿದ್ಧ ಚಿತ್ರ ಕೊಂಡು ಅಕ್ಷರ ಬದಲಿಸುವುದು ಅಗ್ಗ. ಒಬ್ಬ ಕಲಾವಿದನನ್ನು ತಿಂಗಳುಗಟ್ಟಲೆ ಕೂರಿಸಿ ಬಿಡಿಸುವುದು ದುಬಾರಿ. ಅತಿ ಹೆಚ್ಚು ಓದಿಸಿಕೊಂಡ ಕಾಲದಲ್ಲೇ ಕನ್ನಡ ಚಿತ್ರಕಥೆ ತನ್ನ ಸ್ವಂತ ವೀರನನ್ನು ಕಟ್ಟದೆ ಹೋಯಿತು. ಎಂಟುನೂರಕ್ಕೂ ಹೆಚ್ಚು ಸಂಚಿಕೆ ತಂದ ಇಂದ್ರಜಾಲ 1990ರಲ್ಲಿ ನಿಂತಿತು.

ಅಷ್ಟರಲ್ಲಿ ಕೇರಳದಿಂದ ಒಂದು ಇಲಿ ಬಂದಿತ್ತು. ಕೋಟ್ಟಯಂನ ಮಂಗಳಂ ಸಂಸ್ಥೆಯ ಮಲಯಾಳಂ ಬಾಲಮಂಗಳಂನಲ್ಲಿ 1983ರಲ್ಲಿ ಎನ್. ಸೋಮಶೇಖರನ್ ಬರೆದು, ಬೇಬಿ ಬಿಡಿಸಿದ ಡಿಂಕನ್, ಕನ್ನಡ ಬಾಲಮಂಗಳದಲ್ಲಿ ಡಿಂಗನಾದ. ಬೇರೆ ಲೋಕದವರು ಎತ್ತಿಕೊಂಡು ಹೋಗಿ, ಪ್ರಯೋಗ ಮಾಡಿ ಬಿಟ್ಟ ಪುಟ್ಟ ಇಲಿ ಅಪಾರ ಬಲ ಪಡೆದು ಕಾಡಿಗೆ ಮರಳುತ್ತದೆ. ಸಂಕಟದಲ್ಲಿದ್ದವರು ಕೂಗಿದರೆ ಹಾರಿ ಬರುತ್ತದೆ. ಸೂಪರ್‌ಮ್ಯಾನಿನ ಕಥೆಯನ್ನು ತಿರುವಿ ಹಾಕಿದಂತಿದೆ. ಅವನು ಹೊರಲೋಕದಿಂದ ಬಂದವನು, ಇವನು ಹೊರಲೋಕಕ್ಕೆ ಹೋಗಿ ಬಂದವನು. ಎಂಬತ್ತು ತೊಂಬತ್ತರ ದಶಕದಲ್ಲಿ ಬೆಳೆದ ಕನ್ನಡಿಗರಲ್ಲಿ ಯಾರ ಮುಂದಾದರೂ ಡಿಂಗ ಎಂದು ನೋಡಿ, ಮುಖ ಅರಳುತ್ತದೆ. ದೊಡ್ಡವರ ಕಾಲಿಗೆ ಸಿಗುವಷ್ಟು ಚಿಕ್ಕ ಜೀವಿ ಎಲ್ಲರಿಗಿಂತ ಬಲಶಾಲಿ ಎನ್ನುವುದರಲ್ಲಿ ಮಗುವಿಗೆ ಸಿಗುವ ಧೈರ್ಯ ದೊಡ್ಡದು. ಆಗ ನಾನು ದೊಡ್ಡವನಾಗಿದ್ದೆ. ಆದರೂ ತಂಗಿಯ ಕೈಯಿಂದ ಬಾಲಮಂಗಳ ಕಸಿದು ಮೊದಲು ಡಿಂಗನನ್ನೇ ಓದುತ್ತಿದ್ದೆ.

ಕಲಬುರಗಿ ಕಡೆಯವರಿಗೆ ಇನ್ನೊಂದು ಬಾಗಿಲು ತೆರೆದಿತ್ತು. ದಖ್ಖನಿ ಮಾತಿನ ಒಡನಾಟದಿಂದ ಹಿಂದಿ ನಮಗೆ ಸುಲಭ. ದಕ್ಷಿಣದ ಗೆಳೆಯರಿಗೆ ಅಷ್ಟಾಗಿ ಸಿಗದ ದೆಹಲಿಯ ರಾಜ್ ಕಾಮಿಕ್ಸ್ ನಮಗೆ ವಾಡಿಯ ದಾರಿಯಲ್ಲಿ ಸಿಕ್ಕಿತು. 1986ರಲ್ಲಿ ಬಂದ ನಾಗರಾಜನ ನೆತ್ತರಲ್ಲಿ ಸೂಕ್ಷ್ಮ ಹಾವುಗಳಿವೆ. ನಾಗಮಣಿ ಎಂಬ ವಿಜ್ಞಾನಿ ಅವನನ್ನು ಭಯೋತ್ಪಾದಕರಿಗೆ ಮಾರಲೆಂದೇ ಆಯುಧವಾಗಿ ತಯಾರಿಸಿರುತ್ತಾನೆ. ಅವನ ತಲೆಯೊಳಗಿನ ಗುಳಿಗೆಯನ್ನು ತೆಗೆದು ಬಿಡುಗಡೆ ಕೊಡುವವನು ಬಾಬಾ ಗೋರಖನಾಥ. ಅಲ್ಲಮನ ಜೊತೆ ವಾದಕ್ಕೆ ನಿಂತ ಗೋರಕ್ಷನ ಕಥೆ ಕೇಳಿ ಬೆಳೆದ ನಮ್ಮ ನೆಲದವನಿಗೆ ಆ ಪುಟ ಕೊಟ್ಟ ಪುಳಕವನ್ನು ಏನೆಂದು ಹೇಳಲಿ! ಮರುವರ್ಷ ಅನುಪಮ್ ಸಿನ್ಹಾ ತಂದ ಸೂಪರ್ ಕಮಾಂಡೊ ಧ್ರುವ ನನಗೆ ಇನ್ನೂ ಹತ್ತಿರದವನು. ಜ್ಯೂಪಿಟರ್ ಸರ್ಕಸ್ಸಿನಲ್ಲಿ ಹುಟ್ಟಿ, ಬೆಂಕಿಯಲ್ಲಿ ಎಲ್ಲವನ್ನೂ ಕಳೆದುಕೊಂಡ ಹುಡುಗ. ದೈವ ಕೊಟ್ಟ ಬಲವಿಲ್ಲ. ಸರ್ಕಸ್ಸಿನಲ್ಲಿ ಕಲಿತ ಕಸರತ್ತು, ಪ್ರಾಣಿಗಳ ಭಾಷೆ, ಶಾಲೆಯ ವಿಜ್ಞಾನ ಇಷ್ಟೇ ಬಂಡವಾಳ. ರಸಾಯನಶಾಸ್ತ್ರದ ಪಾಠ ಉಪಯೋಗಕ್ಕೆ ಬರುತ್ತದೆಂದು ನನ್ನನ್ನು ನಂಬಿಸಿದವನು ಅವನೇ.

ಕಲಬುರಗಿ ಜಿಲ್ಲೆಯ ಹಳ್ಳಿಗಳಿಗೆ ದೂರದರ್ಶನ 1975ರಲ್ಲೇ, ಉಪಗ್ರಹದ ಸೈಟ್ ಪ್ರಯೋಗದ ಮೂಲಕ ಬಂದಿತ್ತು. 1997ರಲ್ಲಿ ಅದೇ ದೂರದರ್ಶನದಲ್ಲಿ ಶಕ್ತಿಮಾನ್ ಶುರುವಾದಾಗ ಅದರ ಹೊತ್ತಿಗೆ ಓಣಿಗಳು ಖಾಲಿಯಾದವು. ಪುಸ್ತಕ ಕೊಳ್ಳುವ ಕೈ ಅಲ್ಲಿಂದ ಸಡಿಲವಾಯಿತು. 2008ರಲ್ಲಿ ಹೈದರಾಬಾದಿನ ರಾಜೀವ್ ಚಿಲಕ ತಂದ ಛೋಟಾ ಭೀಮ್ ಶಾಲಾಚೀಲ, ಕಂಪಾಸು, ನೀರಿನ ಬಾಟಲಿ ಎಲ್ಲವನ್ನೂ ಏರಿ ಕೂತ. ಅವನೂ ನೆರೆಯೂರಿನವನೇ.

ಬೆಂಗಳೂರಿನ ಕಥೆ ಬೇರೆ. 2004ರಲ್ಲಿ ಗೋಥಮ್ ಸಂಸ್ಥೆಯ ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಮತ್ತು ಕಲಾವಿದ ಜೀವನ್ ಕಾಂಗ್ ಸೇರಿ ಸ್ಪೈಡರ್‌ಮ್ಯಾನನ್ನು ಪವಿತ್ರ ಪ್ರಭಾಕರನನ್ನಾಗಿ ಮಾಡಿದರು. ಅವನಿಗೆ ಬಲ ಬರುವುದು ಜೇಡ ಕಚ್ಚಿ ಅಲ್ಲ, ಯೋಗಿಯೊಬ್ಬ ಕೊಟ್ಟು. ಕಾಲಿಗೆ ಧೋತರ. 2006ರಲ್ಲಿ ವರ್ಜಿನ್ ಕಾಮಿಕ್ಸಿನ ಚಿತ್ರಶಾಲೆ ಬೆಂಗಳೂರಿನಲ್ಲಿ ತೆರೆಯಿತು. 2012ರಲ್ಲಿ ಕಾಮಿಕ್ ಕಾನ್ ಆ ಊರಿಗೆ ಬಂತು, ವೇಷ ತೊಟ್ಟ ಯುವಕರು ಸಾಲುಗಟ್ಟಿದರು. ಕೈಗಳು ಅಲ್ಲಿ ಇದ್ದವು, ಹಣವೂ ಇತ್ತು, ಆದರೆ ಬಿಡಿಸಿದ್ದೆಲ್ಲ ಇಂಗ್ಲಿಷಿನಲ್ಲಿ ಓದುವವರಿಗಾಗಿ. ಪವಿತ್ರ ಪ್ರಭಾಕರ ಕನ್ನಡದಲ್ಲಿ ಮಾತಾಡಿದ್ದು 2023ರಲ್ಲಿ, ಅಮೆರಿಕದಲ್ಲಿ ತಯಾರಾದ ಚಲನಚಿತ್ರದ ಡಬ್ಬಿಂಗಿನಲ್ಲಿ. ಇಲ್ಲಿ ಚಿತ್ರ ಬಿಡಿಸಿ ಕಳಿಸಿದ ಪಾತ್ರ ಕಡಲು ಸುತ್ತಿ ಇಲ್ಲಿಗೇ ಬಂದು ಕನ್ನಡ ಕಲಿಯಲು ಹತ್ತೊಂಬತ್ತು ವರ್ಷ ಹಿಡಿಯಿತು. ಪ್ರಥಮ್ ಬುಕ್ಸ್‌ನಂಥ ಸಂಸ್ಥೆಗಳು ಕನ್ನಡದಲ್ಲಿ ಅಂದವಾದ ಚಿತ್ರಪುಸ್ತಕಗಳನ್ನು ತರುತ್ತಿವೆ, ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ ಮಕ್ಕಳನ್ನು ಕರೆಯುತ್ತಿವೆ. ಆದರೆ ಮುಂದಿನ ಸಂಚಿಕೆಗಾಗಿ ಕಾಯಿಸುವ ಕನ್ನಡದ ವೀರನ ಜಾಗ ಅಲ್ಲಿ ಇನ್ನೂ ಖಾಲಿ.

ಚಿತ್ರದಲ್ಲಿ ಕಥೆ ಹೇಳುವ ವಿದ್ಯೆ ನಮ್ಮ ಭಾಗದಲ್ಲಿ ಇರಲಿಲ್ಲ ಎಂದು ಯಾರೂ ಹೇಳಲಾರರು. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಪಕ್ಕದ ಕನಗನಹಳ್ಳಿಗೆ ಹೋಗಿ ನೋಡಿ. ಭೀಮೆಯ ದಂಡೆಯ ಆ ಬೌದ್ಧ ಸ್ತೂಪದ ಮೈತುಂಬ ಜಾತಕ ಕಥೆಗಳನ್ನು ಕೆತ್ತಿದ ಚಪ್ಪಡಿಗಳಿದ್ದವು, ನಮ್ಮದೇ ಸುಣ್ಣದ ಕಲ್ಲಿನವು. ಎಷ್ಟೋ ಚಪ್ಪಡಿಗಳಲ್ಲಿ ಚಿತ್ರದ ಜೊತೆ ಬ್ರಾಹ್ಮಿ ಲಿಪಿಯ ಒಂದು ಸಾಲು, ಇಂಥವರು ಇವರು ಎಂದು. ರಾಣಿಯ ಜೊತೆ ನಿಂತ ರಾಜನೊಬ್ಬನ ಚಿತ್ರದ ಜೊತೆ 'ರಾಯೋ ಅಸೋಕೋ' ಎಂದಿದೆ. ಅಶೋಕನ ಮುಖವನ್ನು ಹೆಸರಿನೊಡನೆ ಜಗತ್ತು ಕಂಡದ್ದು ಆ ಕಲ್ಲಿನಲ್ಲಿ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಯಾವನೋ ಕಲ್ಲುಕುಟಿಗ, ನೋಡುವವರಿಗೆ ಇವನಾರೆಂದು ಗೊತ್ತಾಗಲಿ ಎಂದು ಚಿತ್ರದ ಪಕ್ಕ ಹೆಸರು ಕೆತ್ತಿದ್ದಾನೆ. ಅದರ ಮುಂದೆ ನಿಂತಾಗ ನನಗೆ ಇಂದ್ರಜಾಲದ ಚೌಕ ನೆನಪಾಗಿ ಕಣ್ಣು ತುಂಬಿತ್ತು.

ಮೊನ್ನೆ ಬೇಸಿಗೆ ರಜೆಗೆ ತಂಗಿಯ ಮಗ ಸುಲೇಪೇಟಕ್ಕೆ ಬಂದಿದ್ದ. ಮಧ್ಯಾಹ್ನ ಎದ್ದು ನೋಡುತ್ತೇನೆ, ಪಡಸಾಲಿಯ ಪರ್ಸಿಗಳ ಮೇಲೆ ಖಡುವಿನ ಗೆರೆ. ಹೆಗಲಿಗೆ ಕಂಬಳಿ ಕಟ್ಟಿಕೊಂಡ ಒಬ್ಬ ಹುಡುಗ, ಕೈಯಲ್ಲಿ ಕುಡಗೋಲೋ ಬೆಳಕೋ ಏನೋ ಒಂದು, ಹಿಂದೆ ಸಿಮೆಂಟ್ ಫ್ಯಾಕ್ಟರಿಯ ಎತ್ತರದ ಚಿಮಣಿ. ಡಿಂಗನಲ್ಲ, ಭೀಮನಲ್ಲ, ನಾನು ಓದಿದ ಯಾವ ಪುಸ್ತಕದವನೂ ಅಲ್ಲ.

"ಯಾರೋ ಇವ? ಹೆಸರೇನು?" ಎಂದೆ.

"ಹೆಸರ ಇನ್ನಾ ಇಟ್ಟಿಲ್ಲ ಮಾಮಾ," ಎಂದ ಅವನು, ತಲೆ ಎತ್ತದೆ. "ಅಜ್ಜಿಗಿ ಹೇಳು, ಇವತ್ತ ನೆಲ ಒರಸಬ್ಯಾಡ ಅಂತ."