ಅವಲಂಬಿತ ವೀಸಾ ಮತ್ತು ಮನೆವಾರ್ತೆ: ಅಮೆರಿಕದಲ್ಲಿ ಹೊಸ ವಲಸಿಗ ಕುಟುಂಬದ ದಿನಚರಿ

ಹೊಸ ನಾಡಿಗೆ ಹೊಂದಿಕೊಳ್ಳುವುದನ್ನು ವಲಸೆಯ ಅಧ್ಯಯನಗಳು ಬಹುಕಾಲ ಮನಸ್ಸು ಮತ್ತು ಸಂಸ್ಕೃತಿಗಳ ವಿಷಯವಾಗಿಯೇ ನೋಡಿವೆ. ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ 1960ರಲ್ಲಿ ಪ್ರಕಟಿಸಿದ ಲೇಖನದಲ್ಲಿ 'ಸಾಂಸ್ಕೃತಿಕ ಆಘಾತ'ವನ್ನು, ಎಂದರೆ ಪರಿಚಿತ ಸಾಮಾಜಿಕ ಸಂಕೇತಗಳೆಲ್ಲ ಒಮ್ಮೆಗೇ ಕೈತಪ್ಪಿದಾಗ ಹುಟ್ಟುವ ಆತಂಕವನ್ನು ವಿವರಿಸಿ, ಆರಂಭದ ಮೋಹದಿಂದ ಕೊನೆಯ ಹೊಂದಾಣಿಕೆಯವರೆಗೆ ಅದರ ಹಂತಗಳನ್ನು ಗುರುತಿಸಿದರು. ಮುಂದೆ ಮನೋವಿಜ್ಞಾನಿ ಜಾನ್ ಬೆರ್ರಿ, ವಲಸಿಗರು ಮೂಲ ಸಂಸ್ಕೃತಿಯನ್ನು ಎಷ್ಟು ಉಳಿಸಿಕೊಳ್ಳುತ್ತಾರೆ, ಹೊಸ ಸಮಾಜದೊಡನೆ ಎಷ್ಟು ಬೆರೆಯುತ್ತಾರೆ ಎಂಬ ಎರಡು ಪ್ರಶ್ನೆಗಳಿಂದ ನಾಲ್ಕು ಮಾದರಿಗಳನ್ನು ರೂಪಿಸಿದರು. ಎರಡರ ಕೇಂದ್ರದಲ್ಲೂ ಇರುವುದು ಒಂಟಿ ವ್ಯಕ್ತಿ. ಆದರೆ ಒಂದೇ ಮನೆಯಲ್ಲಿ ಗಂಡ ಕಚೇರಿಯ ಮೂಲಕ, ಮಗು ಶಾಲೆಯ ಮೂಲಕ ಬೇಗ ಒಗ್ಗಿಕೊಳ್ಳುವುದು ಹೆಂಡತಿ ಮನೆಯಲ್ಲೇ ಉಳಿದದ್ದರಿಂದ ಸಾಧ್ಯವಾಗುತ್ತಿದ್ದರೆ, ಆ ಮೂವರನ್ನು ಬೇರೆಬೇರೆಯಾಗಿ ಅಳೆದು ಕೂಡಿಸುವುದರಲ್ಲಿ ಅರ್ಥವಿಲ್ಲ. ಅಮೆರಿಕಕ್ಕೆ ಉದ್ಯೋಗದ ವೀಸಾದಲ್ಲಿ ಹೋದ ಭಾರತೀಯ ಕುಟುಂಬಗಳನ್ನು, ಅವುಗಳಲ್ಲಿಯೂ ಕರ್ನಾಟಕದಿಂದ ಹೋದವನ್ನು ಗಮನಿಸಿದರೆ, ಮನೆಯೊಳಗಿನ ಕೆಲಸದ ಹಂಚಿಕೆಯನ್ನು ಸಂಪ್ರದಾಯಕ್ಕಿಂತ ಹೆಚ್ಚಾಗಿ ವಲಸೆಯ ಕಾನೂನೇ ನಿರ್ಧರಿಸುತ್ತಿದೆ ಎಂಬುದು ಈ ಲೇಖನದ ವಾದ.

1990ರ ವಲಸೆ ಕಾಯ್ದೆಯಿಂದ ರೂಪುಗೊಂಡ ಎಚ್-1ಬಿ ವೀಸಾ ವಿಶೇಷ ಪರಿಣತಿಯ ಉದ್ಯೋಗಿಗೆ ಸಾಮಾನ್ಯವಾಗಿ ಆರು ವರ್ಷಗಳವರೆಗೆ ಕೆಲಸ ಮಾಡಲು ಅವಕಾಶ ಕೊಡುತ್ತದೆ. ಅವರ ಪತಿ ಅಥವಾ ಪತ್ನಿಗೆ ಮತ್ತು 21 ವರ್ಷದೊಳಗಿನ ಅವಿವಾಹಿತ ಮಕ್ಕಳಿಗೆ ಸಿಗುವುದು ಎಚ್-4, ಅಂದರೆ ಅವಲಂಬಿತ ವೀಸಾ. ಇದರಲ್ಲಿ ಓದಬಹುದು, ಸಾಮಾನ್ಯವಾಗಿ ದುಡಿಯುವಂತಿಲ್ಲ. ಶಾಶ್ವತ ನಿವಾಸದ ಪರವಾನಗಿಯಾದ ಗ್ರೀನ್ ಕಾರ್ಡ್ ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಮಂದಿಗೆ ದೊರೆಯುತ್ತದೆ, ಆ ಲೆಕ್ಕದಲ್ಲಿ ಹೆಂಡತಿ ಮಕ್ಕಳೂ ಸೇರುತ್ತಾರೆ, ಜೊತೆಗೆ ಯಾವ ಒಂದು ದೇಶದವರಿಗೂ ಶೇ. 7ರ ಮಿತಿಯುಂಟು; ಹೀಗಾಗಿ ಭಾರತದಲ್ಲಿ ಹುಟ್ಟಿದವರ ಸರದಿ ಹಲವು ವರ್ಷಗಳಷ್ಟು, ಕೆಲವರ ಪಾಲಿಗೆ ದಶಕಗಳಷ್ಟು ಉದ್ದವಾಗಿದೆ. 2015ರ ಮೇ ತಿಂಗಳಿಂದ, ಉದ್ಯೋಗಿಯ ಗ್ರೀನ್ ಕಾರ್ಡ್ ಪ್ರಕ್ರಿಯೆ ನಿರ್ದಿಷ್ಟ ಹಂತ ತಲುಪಿದ್ದರೆ ಎಚ್-4 ಸಂಗಾತಿಯೂ ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು. ಆ ಹಂತಕ್ಕೆ ಬರುವವರೆಗಿನ ವರ್ಷಗಳೇ ಕುಟುಂಬದ ದಿನಚರಿ ಗಟ್ಟಿಯಾಗುವ ವರ್ಷಗಳು.

ಬೆಂಗಳೂರಿನಲ್ಲಿ ಸಂಬಳ ಎಣಿಸುತ್ತಿದ್ದ ಎಂಜಿನಿಯರ್ ಸೊಸೆಯೊಬ್ಬಳು ಅಮೆರಿಕದ ಉಪನಗರವೊಂದರ ಅಪಾರ್ಟ್‌ಮೆಂಟಿನಲ್ಲಿ ಇಡೀ ಹಗಲು ಒಬ್ಬಳೇ ಉಳಿಯುವುದಕ್ಕೆ ಕಾರಣ ಹುಡುಕಲು ಅವಳ ಸ್ವಭಾವವನ್ನು ಕೆದಕಬೇಕಿಲ್ಲ. ಕೆಲಸದ ಪರವಾನಗಿಯಿಲ್ಲದವಳಿಗೆ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಸಾಮಾನ್ಯವಾಗಿ ಸಿಗುವುದಿಲ್ಲ; ಆ ಸಂಖ್ಯೆಯಿಲ್ಲದೆ ಸಾಲ ತೀರಿಸುವ ನಂಬಿಕೆಯ ದಾಖಲೆಯಾದ 'ಕ್ರೆಡಿಟ್ ಹಿಸ್ಟರಿ' ಅವಳ ಹೆಸರಿನಲ್ಲಿ ಬೆಳೆಯುವುದು ಕಷ್ಟ; ಆದ್ದರಿಂದ ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ಕಾರಿನ ಸಾಲ ಎಲ್ಲವೂ ಗಂಡನ ಹೆಸರಿಗೇ ಬರುತ್ತವೆ. ಬಸ್ಸು ವಿರಳವಾದ ಉಪನಗರದಲ್ಲಿ ಕಾರು ಓಡಿಸಲು ಬಾರದಿದ್ದರೆ ಸೊಪ್ಪು ತರುವುದಕ್ಕೂ ಶನಿವಾರ ಬರಬೇಕು. ಚಾಲನಾ ಪರವಾನಗಿಯ ಅವಧಿಯನ್ನೂ ಹಲವು ರಾಜ್ಯಗಳು ವಾಸ್ತವ್ಯದ ಅನುಮತಿ ಮುಗಿಯುವ ದಿನಕ್ಕೆ ಕಟ್ಟಿಹಾಕುತ್ತವೆ.

ಇದನ್ನು ಭಾರತೀಯ ಗಂಡಸುತನದ ಮರುಕಳಿಕೆ ಎಂದು ಮುಗಿಸಿಬಿಡುವ ವಾದ ಸುಲಭ, ಆದರೆ ಸಾಲದು. ಅದರ ಕೊರತೆ ತಿಳಿಯುವುದು ಹೆಂಡತಿಯೇ ಮೊದಲು ವಲಸೆ ಹೋದ ಕುಟುಂಬಗಳಲ್ಲಿ. ಕೇರಳದ ನರ್ಸುಗಳನ್ನೂ ಅವರ ಹಿಂದೆ ಅಮೆರಿಕಕ್ಕೆ ಬಂದ ಗಂಡಂದಿರನ್ನೂ ಕುರಿತು ಶೀಬಾ ಜಾರ್ಜ್ 2005ರ ಗ್ರಂಥದಲ್ಲಿ ತೋರಿಸಿದಂತೆ, ಸಂಪಾದನೆಯ ಸ್ಥಾನ ಅದಲುಬದಲಾದಾಗ ಅನೇಕ ಗಂಡಸರು ಅಡುಗೆ ಮತ್ತು ಮಕ್ಕಳ ಪಾಲನೆಗೆ ಕೈಹಾಕಿದರು, ಜೊತೆಗೇ ಕಳೆದುಹೋದ ಮರ್ಯಾದೆಯನ್ನು ಚರ್ಚಿನ ಹುದ್ದೆಗಳಲ್ಲಿ ಅರಸಿದರು. ಪಲ್ಲವಿ ಬ್ಯಾನರ್ಜಿ 2022ರಲ್ಲಿ ಪ್ರಕಟಿಸಿದ ಅಧ್ಯಯನ ತಂತ್ರಜ್ಞರ ಹೆಂಡತಿಯರನ್ನೂ ನರ್ಸುಗಳ ಗಂಡಂದಿರನ್ನೂ ಒಟ್ಟಿಗಿಟ್ಟು, ಅವಲಂಬಿತ ವೀಸಾ ಎರಡೂ ಕಡೆ ದಾಂಪತ್ಯವನ್ನು ಹೇಗೆ ಬಗ್ಗಿಸುತ್ತದೆ ಎಂಬುದನ್ನು ಪರಿಶೀಲಿಸಿದೆ. ಸಂಪ್ರದಾಯಕ್ಕೆ ಇಲ್ಲಿ ಪಾತ್ರವಿಲ್ಲವೆಂದಲ್ಲ. ಕಾನೂನು ತೆರೆದ ಜಾಗಕ್ಕೆ ಅದು ಬಂದು ಕೂರುತ್ತದೆ.

ಈ ಹೆಣಿಗೆ ಅತಿ ಸ್ಪಷ್ಟವಾಗಿ ಕಾಣುವುದು ಬಾಣಂತನದಲ್ಲಿ. ಕರ್ನಾಟಕದಲ್ಲಿ ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಹೋಗುವುದು ವಾಡಿಕೆಯಾದರೆ, ಅಮೆರಿಕದಲ್ಲಿ ತವರೇ ಮಗಳಿದ್ದಲ್ಲಿಗೆ ಬರಬೇಕಾಗುತ್ತದೆ. ಪ್ರವಾಸಿ ವೀಸಾದಲ್ಲಿ ಬರುವ ತಂದೆತಾಯಿಗೆ ಒಮ್ಮೆಗೆ ಸಾಮಾನ್ಯವಾಗಿ ಆರು ತಿಂಗಳು ಉಳಿಯಲು ಅನುಮತಿ ದೊರೆಯುವುದರಿಂದ, ಮೊದಲ ಆರು ತಿಂಗಳು ಹೆಣ್ಣಿನ ಕಡೆಯವರು, ಅನಂತರ ಗಂಡಿನ ಕಡೆಯವರು ಎಂಬ ಸರದಿ ಅನೇಕ ಮನೆಗಳಲ್ಲಿ ರೂಢಿಗೆ ಬಂದಿದೆ. ಬೀಗರಿಬ್ಬರ ನಡುವಿನ ಈ ಪಾಳಿಗೆ ಶಾಸ್ತ್ರದ ಆಧಾರವಿಲ್ಲ, ವಿಮಾನ ನಿಲ್ದಾಣದಲ್ಲಿ ನಮೂದಾಗುವ ತಾರೀಕಿನ ಆಧಾರವಿದೆ. 1993ರ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯ್ದೆ ಅರ್ಹ ನೌಕರರಿಗೆ 12 ವಾರಗಳ ರಜೆಯನ್ನು ಖಾತ್ರಿಪಡಿಸುತ್ತದಾದರೂ ಅದು ಸಂಬಳರಹಿತ. ಮಾಲೀಕರು ಸ್ವಂತ ಇಚ್ಛೆಯಿಂದ ಕೊಡುವ ಸಂಬಳಸಹಿತ ರಜೆಯನ್ನೂ ಕೆಲವೇ ರಾಜ್ಯಗಳು ಕಲ್ಪಿಸಿರುವುದನ್ನೂ ಬಿಟ್ಟರೆ ಕೂಸಿನ ಆರೈಕೆಯ ಭಾರ ಅಜ್ಜಿಯ ಮೇಲೆಯೇ ಬೀಳುತ್ತದೆ.

ಅಜ್ಜಿ ಅಂಟಿನುಂಡೆ, ಬಜೆ, ಸಾಂಬ್ರಾಣಿಗಳೊಡನೆ ಬರುತ್ತಾಳೆ. ಕೂಸಿಗೆ ಎಣ್ಣೆನೀರು ಹಾಕಿ ಸಾಂಬ್ರಾಣಿಯ ಹೊಗೆ ಹಿಡಿಯುವ ಪದ್ಧತಿಯೂ ಚಾವಣಿಯ ಹೊಗೆಸೂಚಕವೂ ಒಂದೇ ಮನೆಯಲ್ಲಿರಲಾರವು. ಇಂಥದ್ದು ಬೇಗ ಇತ್ಯರ್ಥವಾಗುತ್ತದೆ, ಸಾಂಬ್ರಾಣಿ ಪೆಟ್ಟಿಗೆಗೆ ಮರಳುತ್ತದೆ. ಮಲಗಿಸುವ ವಿಷಯ ಅಷ್ಟು ಹಗುರವಲ್ಲ. ಹಠಾತ್ ಶಿಶುಮರಣವನ್ನು ತಡೆಯಲು ಕೂಸನ್ನು ಬೆನ್ನಿನ ಮೇಲೆ ಮಲಗಿಸಬೇಕೆಂದು ಅಮೆರಿಕದ ಮಕ್ಕಳ ವೈದ್ಯರು 1990ರ ದಶಕದಿಂದ, ದಿಂಬು ಹೊದಿಕೆಗಳಿಲ್ಲದ ಪ್ರತ್ಯೇಕ ಹಾಸಿಗೆಯಲ್ಲಿ ಮಲಗಿಸಬೇಕೆಂದು ಆಮೇಲಿನಿಂದ ಒತ್ತಾಯಿಸುತ್ತಿದ್ದಾರೆ. ಮಗ್ಗುಲಲ್ಲೇ ಕೂಸನ್ನು ಮಲಗಿಸಿಕೊಂಡು ಮಕ್ಕಳನ್ನು ಬೆಳೆಸಿದವಳಿಗೆ ಇದು ಅಕ್ಕರೆಯ ಅಭಾವವಾಗಿ ತೋರುತ್ತದೆ. ನಡುವೆ ಸಿಕ್ಕಿಬಿದ್ದ ಬಾಣಂತಿ ವೈದ್ಯರ ಮಾತನ್ನು ತಾಯಿಗೂ, ತಾಯಿಯ ಮಾತನ್ನು ಗಂಡನಿಗೂ ಒಪ್ಪಿಸುತ್ತಾಳೆ. ಸಂಸ್ಕೃತಿಗಳ ನಡುವಿನ ಮಧ್ಯಸ್ಥಿಕೆ ಎಂದು ಗ್ರಂಥಗಳು ಕರೆಯುವುದು ನಡುರಾತ್ರಿಯ ಈ ದುಡಿಮೆಯನ್ನೇ. ಇನ್ನು ಅಜ್ಜನಿಗೆ ಎದೆನೋವು ಬಂದರೆ ಏನು ಗತಿ ಎಂಬ ಭಯ ಬೇರೆ, ಏಕೆಂದರೆ ವೃದ್ಧರಿಗಾಗಿ ಸರ್ಕಾರ ನಡೆಸುವ ಮೆಡಿಕೇರ್ ವಿಮೆ ಪ್ರವಾಸಿಗಳಿಗೆ ಅನ್ವಯಿಸದು, ಪ್ರವಾಸಿ ವಿಮೆಗಳು ಹಳೆಯ ಕಾಯಿಲೆಗಳನ್ನು ಬಹುತೇಕ ಹೊರಗಿಡುತ್ತವೆ.

ಕನ್ನಡ ಕೂಟಗಳು ಯುಗಾದಿ, ದೀಪಾವಳಿ, ರಾಜ್ಯೋತ್ಸವಗಳ ಮೂಲಕ ಈ ಒಂಟಿತನವನ್ನು ತಕ್ಕಮಟ್ಟಿಗೆ ತಗ್ಗಿಸಿವೆ, ಅಲ್ಲಿನ ಕನ್ನಡ ತರಗತಿಗಳಲ್ಲಿ ಕಲಿಸಲು ಮುಂದೆ ಬರುವವರಲ್ಲಿ ಎಚ್-4 ಮಹಿಳೆಯರೂ ಇದ್ದಾರೆ. ಅವರ ಸೇವೆ ಶ್ಲಾಘ್ಯವೆನ್ನುವಾಗ, ಸಂಬಳ ಪಡೆಯಲು ಅವರಿಗೆ ಹಕ್ಕಿರಲಿಲ್ಲ ಎಂಬ ಸಂಗತಿಯನ್ನು ಮರೆಯುವ ಅಭ್ಯಾಸ ಸಂಘಟನೆಗಳ ಸ್ಮರಣಸಂಚಿಕೆಗಳಲ್ಲಿ ಸಾಮಾನ್ಯ.

ಕೆಲಸದ ಪರವಾನಗಿ ದೊರೆತ ಮೇಲೂ ಮನೆಯ ಹಂಚಿಕೆ ತಾನಾಗಿ ಬದಲಾಗುವುದಿಲ್ಲ. ವರ್ಷಗಳ ಅಂತರ ಬಿದ್ದ ಅನುಭವಪತ್ರಕ್ಕೆ ಮೊದಲಿನ ಬೆಲೆಯಿಲ್ಲ. ಶಾಲೆ, ದಂತವೈದ್ಯ, ಈಜು ತರಗತಿಗಳ ವಿವರವೆಲ್ಲ ಆ ಹೊತ್ತಿಗೆ ಹೆಂಡತಿಯ ತಲೆಯಲ್ಲಿ ಮಾತ್ರ ಇರುತ್ತದೆ. ಮೇಲಾಗಿ ಅವಳ ಪರವಾನಗಿ ಗಂಡನ ನೌಕರಿಗೆ ಕಟ್ಟುಬಿದ್ದದ್ದು: 2017ರ ನಿಯಮದಂತೆ ನೌಕರಿ ಹೋದ ಎಚ್-1ಬಿ ಉದ್ಯೋಗಿಗೆ ದೊರೆಯುವ ಗರಿಷ್ಠ 60 ದಿನಗಳ ಕಾಲಾವಕಾಶ ಅವನ ಇಡೀ ಕುಟುಂಬಕ್ಕೂ ಗಡುವಾಗುತ್ತದೆ. ಎಳವೆಯಲ್ಲೇ ಎಚ್-4ರಲ್ಲಿ ಬಂದ ಮಗುವಿಗೆ ಗ್ರೀನ್ ಕಾರ್ಡ್ ಬಾರದೆ 21 ತುಂಬಿದರೆ, 2002ರ ಕಾಯ್ದೆ ಕೆಲವರಿಗೆ ವಯಸ್ಸಿನ ಲೆಕ್ಕದಲ್ಲಿ ಕೊಡುವ ರಿಯಾಯಿತಿ ದಕ್ಕದ ಪಕ್ಷದಲ್ಲಿ, ಆ ಮಗು ವಿದ್ಯಾರ್ಥಿ ವೀಸಾವನ್ನೋ ಬೇರೊಂದು ದಾರಿಯನ್ನೋ ಹುಡುಕಬೇಕು. ಅದೇ ಮನೆಯಲ್ಲಿ ಅಮೆರಿಕದಲ್ಲೇ ಹುಟ್ಟಿದ ತಮ್ಮನೋ ತಂಗಿಯೋ ಸಾಮಾನ್ಯವಾಗಿ ಆ ದೇಶದ ಪ್ರಜೆ. ಆದ್ದರಿಂದ ಇಂಥ ಕುಟುಂಬವೊಂದು ಎಷ್ಟು 'ಹೊಸದು' ಎಂಬುದನ್ನು ಬಂದಿಳಿದ ವರ್ಷದಿಂದ ಎಣಿಸುವ ಸಮೀಕ್ಷಾ ಪದ್ಧತಿ ತಪ್ಪುದಾರಿಗೆಳೆಯುತ್ತದೆ. ಮನೆಯ ಪ್ರತಿಯೊಬ್ಬ ಸದಸ್ಯರ ವೀಸಾ ಸ್ಥಿತಿಯನ್ನೂ ಅದರ ಮುಕ್ತಾಯದ ದಿನವನ್ನೂ ಬೇರೆಯಾಗಿ ದಾಖಲಿಸಿಕೊಂಡಾಗ ಮಾತ್ರ, ಹದಿನೈದು ವರ್ಷ ಕಳೆದರೂ ಸ್ವಂತ ಮನೆ ಕೊಳ್ಳಲು ಹಿಂಜರಿಯುವ ದಂಪತಿಗಳ ನಡೆಗೆ ಸಂಶೋಧಕರು ತಕ್ಕ ವಿವರಣೆ ಕೊಡಬಲ್ಲರು.